ಹೊಕ್ಕುಳಬಳ್ಳಿ ಮಾಸಿನ ಅಂಚಿನಲ್ಲಿದೆ, ಪರವಾಗಿಲ್ಲ ಅಂದರು. ಹಾಗಾದರೆ ಮತ್ತೆ ಮತ್ತೆ ಸ್ಕ್ಯಾನ್ ಯಾಕೆ?

ಅರಳುಮೊಗ್ಗು (21 ವಾರ)

ಮೊದಲ ಬಸಿರು. ನಿನ್ನೆ ಅನಾಮಲಿ ಸ್ಕ್ಯಾನ್ ಆಯಿತು. ಮುಖ, ಬೆನ್ನೆಲುಬು, ಹೃದಯದ ನಾಲ್ಕು ಕೋಣೆ, ಕೈಕಾಲು ಎಲ್ಲಾ ಸರಿಯಾಗಿದೆ ಅಂದರು. ಅಲ್ಲಿಯವರೆಗೂ ಮಾತಾಡುತ್ತಾ ನೋಡುತ್ತಿದ್ದವರು ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರು. ಹೊಟ್ಟೆಯ ಎಡಭಾಗದಲ್ಲಿ ಒಂದೇ ಜಾಗಕ್ಕೆ ಪ್ರೋಬ್ ಒತ್ತಿ ಒತ್ತಿ ನೋಡಿದರು. ಪರದೆ ಮೇಲೆ ಕೆಂಪು, ನೀಲಿ ಬಣ್ಣ ಬಂತು. ಒಂದು ಗೆರೆ ಎಳೆದರು, ಅಳಿಸಿದರು, ಮತ್ತೆ ಎಳೆದರು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ.

ವರದಿಯ ಕೊನೆಯಲ್ಲಿ ಒಂದು ಸಾಲು: ಮಾರ್ಜಿನಲ್ ಕಾರ್ಡ್ ಇನ್ಸರ್ಷನ್, ಪ್ಲಸೆಂಟಾದ ಅಂಚಿನಿಂದ 1.2 ಸೆಂ.ಮೀ.

ಡಾಕ್ಟರು ಅದನ್ನು ಓದಿ, "ಪರವಾಗಿಲ್ಲಮ್ಮ. 28 ವಾರಕ್ಕೆ ಬೆಳವಣಿಗೆ ನೋಡೋಣ, ಆಮೇಲೆ 32, 36" ಅಂದರು. ಅಷ್ಟೇ, ಮುಂದಿನವರನ್ನು ಕರೆದರು. ಪರವಾಗಿಲ್ಲ ಅಂದರೆ ನೋಡುವುದು ಏನನ್ನು? ನೋಡಲೇಬೇಕು ಅಂದರೆ ಪರವಾಗಿಲ್ಲ ಹೇಗಾಯಿತು? ರಾತ್ರಿಯೆಲ್ಲಾ ಇದೇ ತಲೆಯಲ್ಲಿ. ಯಾರಿಗಾದರೂ ಹೀಗಾಗಿತ್ತಾ?

ಮಳೆಬಿಲ್ಲು

ಇದು ಬಳ್ಳಿ ಕುತ್ತಿಗೆಗೆ ಸುತ್ತಿಕೊಳ್ಳುವುದು ಅಲ್ವಾ? ನನ್ನ ಅಕ್ಕನಿಗೆ ಕೊನೇ ತಿಂಗಳಲ್ಲಿ ಎರಡು ಸುತ್ತು ಇದೆ ಅಂದು ಆಪರೇಷನ್ ಮಾಡಿದರು. ನೀವು ಕೈ ಮೇಲೆತ್ತಿ ಏನೂ ತೆಗೆಯಬೇಡಿ. ಹುಷಾರು.

ಕಪ್ಪುಬಿಳುಪು

ಹನ್ನೊಂದು ವರ್ಷದಿಂದ ಸ್ಕ್ಯಾನ್ ಕೋಣೆಯಲ್ಲೇ ಕೆಲಸ. ನಾನು ನಿಮ್ಮ ಡಾಕ್ಟರಲ್ಲ, ನಿಮ್ಮ ಚಿತ್ರವನ್ನೂ ನೋಡಿಲ್ಲ. ಆದರೆ ಮಳೆಬಿಲ್ಲು ಅವರ ಮಾತು ಇಲ್ಲಿಂದ ಮುಂದಕ್ಕೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು.

"ಬಳ್ಳಿಯಲ್ಲಿ ತೊಂದರೆ" ಅಂತ ಜನ ಒಂದೇ ಉಸಿರಿನಲ್ಲಿ ಹೇಳುವುದು ಬೇರೆ ಬೇರೆ ವಿಷಯಗಳನ್ನು. ಬಳ್ಳಿಗೆ ಎರಡು ತುದಿ. ಒಂದು ತುದಿ ಮಗುವಿನ ಹೊಕ್ಕುಳಲ್ಲಿ. ಇನ್ನೊಂದು ತುದಿ ಪ್ಲಸೆಂಟಾದಲ್ಲಿ, ಅಂದರೆ ಮಾಸಿನಲ್ಲಿ. ನಿಮ್ಮ ವರದಿ ಹೇಳುತ್ತಿರುವುದು ಈ ಎರಡನೇ ತುದಿಯ ಬಗ್ಗೆ. ಅದು ಮಾಸಿನ ನಡುವಿಗೋ ನಡುವಿನ ಹತ್ತಿರಕ್ಕೋ ಸೇರುವುದು ಸಾಮಾನ್ಯ. ಅಂಚಿನಿಂದ 2 ಸೆಂ.ಮೀ. ಒಳಗೆ ಸೇರಿದರೆ ಮಾರ್ಜಿನಲ್ ಅನ್ನುತ್ತೇವೆ. ಒಂದೇ ಮಗು ಇರುವ ನೂರು ಬಸಿರಲ್ಲಿ ಸುಮಾರು ಏಳರಲ್ಲಿ ಹೀಗಿರುತ್ತದೆ. ವಾರಕ್ಕೆ ಒಂದಾದರೂ ನನ್ನ ಕೈಗೆ ಸಿಗುತ್ತದೆ.

ಮಾಸನ್ನೂ ಮುಟ್ಟದೆ, ಪಕ್ಕದ ತೆಳು ಪೊರೆಗೆ ಸೇರಿದರೆ ಅದು ವೆಲಮೆಂಟಸ್. ಅದು ನೂರಕ್ಕೆ ಸುಮಾರು ಒಂದು. ಬಳ್ಳಿಯ ಒಳಗೆ ಎರಡು ಅಪಧಮನಿ, ಒಂದು ಅಭಿಧಮನಿ. ಸುತ್ತಲೂ ಜೆಲ್ಲಿಯಂಥ ಗಟ್ಟಿ ಲೋಳೆ. 17ನೇ ಶತಮಾನದ ಥಾಮಸ್ ವಾರ್ಟನ್ ಎಂಬ ವೈದ್ಯರ ಹೆಸರಲ್ಲಿ ಅದನ್ನು ವಾರ್ಟನ್ಸ್ ಜೆಲ್ಲಿ ಅನ್ನುತ್ತಾರೆ. ಬಳ್ಳಿ ತಿರುಚಿದರೂ ಒತ್ತಿದರೂ ರಕ್ತನಾಳ ಮಡಚಿಕೊಳ್ಳದ ಹಾಗೆ ಕಾಯುವುದು ಅದೇ. ವೆಲಮೆಂಟಸ್‌ನಲ್ಲಿ ಪೊರೆ ತಲುಪಿದ ಮೇಲೆ ಆ ಜೆಲ್ಲಿ ಇರುವುದಿಲ್ಲ. ನಾಳಗಳು ಬರಿಮೈಯಲ್ಲಿ ಮಾಸಿನವರೆಗೆ ಹರಿಯುತ್ತವೆ. ಹಾಗಾಗಿ ಅದರ ಮೇಲೆ ಕಣ್ಣು ಜಾಸ್ತಿ.

ಕುತ್ತಿಗೆಗೆ ಸುತ್ತುವುದು ಪೂರ್ತಿ ಬೇರೆ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ, ಈಗ ಡ್ಯೂಟಿ.

ಲೆಕ್ಕಪತ್ರ

ನಾನು ಗಂಡ. ನನ್ನ ಹೆಂಡತಿಗೆ 23 ವಾರ, ಇದೇ ಸಾಲು, 1.6 ಸೆಂ.ಮೀ. ಮುಂದಿನ ಸ್ಕ್ಯಾನ್‌ನಲ್ಲಿ ಇದು 2 ದಾಟಬಹುದಾ? ದಾಟಿದರೆ ಮಾರ್ಜಿನಲ್ ಅಲ್ಲ ಅಂತಲಾ? ನಾನು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೇನೆ. ನಗಬೇಡಿ.

ಕಪ್ಪುಬಿಳುಪು

ನಗುತ್ತಿಲ್ಲ. ಪ್ರಶ್ನೆ ಚೆನ್ನಾಗಿದೆ.

ಬಳ್ಳಿ ಅಂಟಿದ ಜಾಗ ಎದ್ದು ನಡೆಯುವುದಿಲ್ಲ. ಸುತ್ತಲಿನ ಮಾಸು ಬದಲಾಗುತ್ತದೆ. ರಕ್ತ ಚೆನ್ನಾಗಿ ಸಿಗುವ ಕಡೆಗೆ ಮಾಸು ಬೆಳೆಯುತ್ತದೆ, ಸಿಗದ ಕಡೆ ಸೊರಗುತ್ತದೆ. ನೀರಿನ ಪಸೆ ಇರುವ ಕಡೆಗೆ ಬೇರು ಹೋಗುವ ಹಾಗೆ. ಮೊದಲು ನಡುವಿನಲ್ಲೇ ಇದ್ದ ಬಳ್ಳಿ ಕೊನೆಗೆ ಅಂಚಿಗೆ ಬಂದಂತೆ ಕಾಣಲು ಇದೇ ಕಾರಣ ಇರಬಹುದು ಅಂತ ಹೇಳುತ್ತಾರೆ. ನೀವು ಏನು ತಿಂದಿರಿ, ಹೇಗೆ ಮಲಗಿದಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

1.6 ಮುಂದೆ 2.1 ಆಗಬಹುದು, 1.3 ಆಗಬಹುದು. ಆದರೆ ಅಳತೆಯಲ್ಲೇ ಕೆಲವು ಮಿಲಿಮೀಟರು ಆಚೀಚೆ ಆಗುತ್ತದೆ. ಮಗು ದೊಡ್ಡದಾದಂತೆ ಬಳ್ಳಿಯ ಬುಡ ಮರೆಯಾಗುತ್ತದೆ, ಮಾಸು ಹಿಂಭಾಗದ ಗೋಡೆಯಲ್ಲಿದ್ದರೆ ಇನ್ನೂ ಕಷ್ಟ. 32 ವಾರದಲ್ಲಿ ನಾವು ಆ ಗೆರೆಯನ್ನು ಎಳೆಯದೇ ಇರಬಹುದು. ಎಳೆಯಲಿಲ್ಲ ಅಂತ ಗಾಬರಿಯಾಗಬೇಡಿ. ನಿಮ್ಮ ಶೀಟಿನಲ್ಲಿ ಆ ಕಾಲಂ ತೆಗೆದು ಮಗುವಿನ ತೂಕದ ಕಾಲಂ ಹಾಕಿ. ನಾವು ನೋಡುವುದು ಅದನ್ನೇ.

ಲೆಕ್ಕಪತ್ರ

ಕಾಲಂ ತೆಗೆದೆ. (ಮರೆಮಾಡಿದೆ. ಅಳಿಸಲು ಮನಸ್ಸು ಬರಲಿಲ್ಲ.)

ದೋಣಿ

ನನ್ನದು ವೆಲಮೆಂಟಸ್ ಆಗಿತ್ತು. ಹೋದ ವರ್ಷ ಮಗಳು ಹುಟ್ಟಿದಳು, ಚೆನ್ನಾಗಿದ್ದಾಳೆ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕಂದರೆ ಆಗ ಬೇರೆಯವರ ಅನುಭವ ಓದುವಾಗ ನಾನು ಕೊನೆಯ ಸಾಲಿಗೇ ಹಾರುತ್ತಿದ್ದೆ.

20 ವಾರದಲ್ಲಿ ಗೊತ್ತಾಯಿತು. ಅದೇ ವಾರ ಒಳಗಿಂದ ಮಾಡುವ ಸ್ಕ್ಯಾನ್ ಕೂಡ ಮಾಡಿದರು. ಪೊರೆಯಲ್ಲಿ ಹರಿಯುವ ಆ ನಾಳಗಳು ಗರ್ಭಕೋಶದ ಬಾಯಿಯ ಮೇಲೆ ಹಾದುಹೋಗಿವೆಯಾ ಅಂತ ನೋಡಲು. ನನಗೆ ಇರಲಿಲ್ಲ. ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆ ಸ್ಕ್ಯಾನ್, 36ರಿಂದ ವಾರಕ್ಕೊಂದು ಸಲ ಮಗುವಿನ ಎದೆಬಡಿತದ ಗೆರೆ ನೋಡುವ ಎನ್‌ಎಸ್‌ಟಿ. 38 ವಾರ ತುಂಬಿದ ಮೇಲೆ ನೋವು ಬರಿಸಿ ನಾರ್ಮಲ್ ಹೆರಿಗೆ ಮಾಡಿಸಿದರು. ನೋವಿನ ಮಧ್ಯೆ ಎರಡು ಸಲ ಮಗುವಿನ ಎದೆಬಡಿತ ಇಳಿಯಿತು, ಪಕ್ಕಕ್ಕೆ ತಿರುಗಿಸಿದಾಗ ಮೇಲೆ ಬಂತು.

ಎಡವಟ್ಟಾಗಿದ್ದು ಮಗು ಬಂದ ಮೇಲೆ. ಅಷ್ಟು ತಿಂಗಳು ಕಡತದಲ್ಲಿ ಇದ್ದ ಆ ಒಂದು ಸಾಲನ್ನು ಆ ರಾತ್ರಿಯ ಡ್ಯೂಟಿಯವರು ಓದಿರಲಿಲ್ಲ. ಮಾಸು ಬರಲಿ ಅಂತ ಬಳ್ಳಿ ಹಿಡಿದು ಮೆಲ್ಲಗೆ ಎಳೆದರು. ಬಳ್ಳಿ ಕಿತ್ತು ಅವರ ಕೈಗೇ ಬಂತು! ಕತ್ತರಿಯಲ್ಲಿ ಸಿಕ್ಕಿದ್ದ ಬಳ್ಳಿಯನ್ನು ನೋಡುತ್ತಾ ನಿಂತ ಅವರ ಮುಖ ನನಗೆ ಇನ್ನೂ ನೆನಪಿದೆ. ಮಾಸು ಒಳಗೇ ಉಳಿಯಿತು. ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿ ಕೈಯಿಂದ ತೆಗೆದರು. ರಕ್ತ ಸಾಕಷ್ಟು ಹೋಯಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ತಪ್ಪಿಸಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಕಡತ ಮಾತಾಡುವುದಿಲ್ಲ. ಹೆರಿಗೆ ಕೋಣೆಗೆ ಯಾರೇ ಬರಲಿ, ನೀವಾಗಲಿ ಜೊತೆಯವರಾಗಲಿ ಬಾಯಿಬಿಟ್ಟು ಹೇಳಿ: "ಬಳ್ಳಿ ಅಂಚಿಗಿದೆ", "ಬಳ್ಳಿ ಪೊರೆಗಿದೆ". ಡ್ಯೂಟಿ ಬದಲಾದರೆ ಮತ್ತೆ ಹೇಳಿ.

ಸುಲೋಚನ

ಇದನ್ನೆಲ್ಲಾ ಓದಿದರೆ ಬಸುರಿಯರು ಹೆದರದೆ ಇರುತ್ತಾರಾ? ಹಿಂದೆ ಯಾವ ಸ್ಕ್ಯಾನ್ ಇತ್ತು? ಮಕ್ಕಳು ಹುಟ್ಟಲಿಲ್ವಾ? ಸುಮ್ನೆ ತಲೆಕೆಡಿಸುವ ಕೆಲಸ.

ನಡುರಾತ್ರಿ

ಸುಲೋಚನಮ್ಮ, ಹುಟ್ಟಿದರು. ಉಳಿಯದ ಮಕ್ಕಳ ಲೆಕ್ಕ ಇಟ್ಟವರು ಯಾರು?

ನನಗೆ ಆಗಿದ್ದು ವಾಸಾ ಪ್ರಿವಿಯಾ. ದೋಣಿ ಅವರು ಹೇಳಿದರಲ್ಲ, ಗರ್ಭಕೋಶದ ಬಾಯಿಯ ಮೇಲೆ ನಾಳ ಹಾದುಹೋಗುವುದು ಅಂತ, ಅದೇ. ನನ್ನ ಮಾಸು ಕೆಳಗಿತ್ತು, ಜೊತೆಗೆ ಒಂದು ಮರಿ ತುಂಡು ಬೇರೆ ಇತ್ತು. ಎರಡನ್ನೂ ಸೇರಿಸುವ ನಾಳ ಬಾಯಿಯ ಪಕ್ಕದಲ್ಲೇ, 1 ಸೆಂ.ಮೀ. ದೂರದಲ್ಲಿ ಹೋಗುತ್ತಿತ್ತು. ನೀರಿನ ಚೀಲ ಒಡೆದರೆ ಅದರ ಜೊತೆ ಆ ನಾಳವೂ ಹರಿಯಬಹುದು. ಹರಿದರೆ ಹೋಗುವುದು ತಾಯಿಯ ರಕ್ತವಲ್ಲ, ಮಗುವಿನ ರಕ್ತ. 3 ಕೆಜಿ ಮಗುವಿನ ಮೈಯಲ್ಲಿ ಇರುವುದೇ 300 ಎಂಎಲ್ ಒಳಗೆ. ಒಂದು ಲೋಟ ಚೆಲ್ಲಿದ ಹಾಗೆ ನಮಗೆ ಕಾಣುವುದು ಅದರ ಪಾಲಿಗೆ ಹೆಚ್ಚುಕಡಿಮೆ ಎಲ್ಲವೂ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಇಂಥ 155 ಬಸಿರುಗಳನ್ನು ನೋಡಿದ್ದಾರೆ. ಮೊದಲೇ ಗೊತ್ತಾದವರಲ್ಲಿ ನೂರಕ್ಕೆ 97 ಮಕ್ಕಳು ಉಳಿದಿವೆ. ಗೊತ್ತಾಗದೇ ಹೆರಿಗೆಗೆ ಹೋದವರಲ್ಲಿ 44. ನನ್ನ ಡಾಕ್ಟರು ಈ ಎರಡು ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅವತ್ತಿಂದ ಸ್ಕ್ಯಾನ್‌ಗೆ ಬೈದಿಲ್ಲ.

32 ವಾರಕ್ಕೆ ಅಡ್ಮಿಟ್. ಮಗುವಿನ ಶ್ವಾಸಕೋಶ ಬಲಿಯಲಿ ಅಂತ ಸ್ಟೀರಾಯ್ಡ್ ಸೂಜಿ. 35 ವಾರಕ್ಕೆ, ನೋವು ಶುರುವಾಗುವ ಮೊದಲೇ, ಸಿಸೇರಿಯನ್. ಮಗ 2 ಕೆಜಿ 300 ಗ್ರಾಂ. ಐದು ದಿನ ಎಳೆಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿದ್ದ. ಈಗ ಮೂರು ವರ್ಷ, ಈ ಕ್ಷಣದಲ್ಲಿ ನನ್ನ ಚಪ್ಪಲಿಯನ್ನು ಬಕೆಟ್‌ಗೆ ಹಾಕುತ್ತಿದ್ದಾನೆ.

ಅರಳುಮೊಗ್ಗು, ನಿಮ್ಮದು ಇದಲ್ಲ. ಆದರೆ ಒಂದು ಪ್ರಶ್ನೆ ಕೇಳಿ: ಮಾಸು ಎಷ್ಟು ಕೆಳಗಿದೆ, ಬಾಯಿಯ ಹತ್ತಿರ ನಾಳ ಇಲ್ಲ ಅಂತ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ ನೋಡಿದ್ದೀರಾ?

ಅರಳುಮೊಗ್ಗು (22 ವಾರ)

ಕೇಳಿದೆ. ಮಾಸು ಮೇಲಿದೆ, ಬಾಯಿಯ ಹತ್ತಿರ ಏನೂ ಇಲ್ಲ, ನೋಡಿದ್ದೇವೆ ಅಂದರು. ಅವತ್ತು ಅವರು ಸುಮ್ಮನಾಗಿದ್ದು ಅದನ್ನು ನೋಡಲಿಕ್ಕೇ ಅಂತೆ! ಎರಡು ಮಾತು ಹೇಳಿಬಿಟ್ಟಿದ್ದರೆ ನನಗೆ ಒಂದು ವಾರದ ನಿದ್ದೆ ಉಳಿಯುತ್ತಿತ್ತು.

ಕಪ್ಪುಬಿಳುಪು

ನಮ್ಮ ಕಸುಬಿನ ತಪ್ಪು ಅದು, ಒಪ್ಪಿಕೊಳ್ಳುತ್ತೇನೆ. ಪರದೆಯಲ್ಲಿ ಏನಾದರೂ ಹುಡುಕುವಾಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಲಗಿದವರಿಗೆ ಆ ಮೌನವೇ ವರದಿಯಾಗಿಬಿಡುತ್ತದೆ.

ಈಗ ಕುತ್ತಿಗೆ ವಿಷಯ. ಹುಟ್ಟುವ ಮಕ್ಕಳಲ್ಲಿ ನಾಲ್ಕೈದಕ್ಕೆ ಒಂದರ ಕುತ್ತಿಗೆಗೆ ಬಳ್ಳಿ ಸುತ್ತಿರುತ್ತದೆ. ಬಳ್ಳಿಯ ಉದ್ದ ಸಾಮಾನ್ಯವಾಗಿ 50-60 ಸೆಂ.ಮೀ. ಅಷ್ಟುದ್ದದ ಬಳ್ಳಿ ಜೊತೆ ಒಂದು ಮಗು ತಿಂಗಳಾನುಗಟ್ಟಲೆ ನೀರಿನಲ್ಲಿ ಪಲ್ಟಿ ಹೊಡೆದರೆ ಇನ್ನೇನಾಗುತ್ತದೆ? ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಇವತ್ತು ಕಂಡ ಸುತ್ತು ನಾಳೆ ಇರದೇ ಇರಬಹುದು. ಹೊಟ್ಟೆಯೊಳಗೆ ಮಗು ಮೂಗು ಬಾಯಲ್ಲಿ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದೇ ಬಳ್ಳಿಯಿಂದ. ನಾವು ಅಂದುಕೊಳ್ಳುವ ಹಾಗೆ "ಕುತ್ತಿಗೆ ಬಿಗಿದು ಉಸಿರು ಕಟ್ಟುವುದು" ಅಲ್ಲ. ಬಳ್ಳಿಯೇ ಒತ್ತಿಹೋಗಿ ರಕ್ತ ಕಡಿಮೆಯಾದರೆ ಮಾತ್ರ ತೊಂದರೆ. ಅದು ಹೆರಿಗೆ ನೋವಿನಲ್ಲಿ ಎದೆಬಡಿತದ ಏರಿಳಿತದಿಂದ ಗೊತ್ತಾಗುತ್ತದೆ. ಬರೀ ಒಂದು ಸುತ್ತು ಕಂಡಿತು ಅಂತ ಸಿಸೇರಿಯನ್ ಬೇಕಾಗಿಲ್ಲ. ಮಳೆಬಿಲ್ಲು ಅವರ ಅಕ್ಕನಿಗೆ ಬೇರೆ ಕಾರಣವೂ ಇದ್ದಿರಬಹುದು.

ಕೈ ಎತ್ತಿ ಬಟ್ಟೆ ಒಣಗಿಹಾಕಿ. ನಿಮ್ಮ ಕೈಗೂ ಆ ಬಳ್ಳಿಗೂ ಯಾವ ದಾರವೂ ಇಲ್ಲ.

ಮಳೆಬಿಲ್ಲು

ಸರಿ. ಅತ್ತೆಗೆ ಇದನ್ನು ಓದಿ ಹೇಳುತ್ತೇನೆ. ನಂಬುತ್ತಾರೋ ಇಲ್ಲವೋ.

ಜೋಡಿಅಮ್ಮ

ಅವಳಿ ಇರುವವರು ಒಂದು ವಿಷಯ ನೆನಪಿಡಿ. ನಮ್ಮಲ್ಲಿ ಅಂಚಿನ ಬಳ್ಳಿ, ಪೊರೆಯ ಬಳ್ಳಿ ಎರಡೂ ಜಾಸ್ತಿ, ಅದರಲ್ಲೂ ಇಬ್ಬರಿಗೂ ಒಂದೇ ಮಾಸು ಇದ್ದರೆ. ನನ್ನ ಮಕ್ಕಳಲ್ಲಿ ಒಬ್ಬನ ಬಳ್ಳಿ ನಡುವಿಗೆ, ಇನ್ನೊಬ್ಬನದು ಅಂಚಿಗೆ. ಐವಿಎಫ್ ಆದವರಿಗೂ ಈ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಸ್ಕ್ಯಾನ್‌ಗೆ ಹೋದಾಗಲೆಲ್ಲಾ ಎರಡು ತೂಕ, ಎರಡು ಡಾಪ್ಲರ್. ಒಬ್ಬನು ಕ್ಯಾಮೆರಾಗೆ ಬೆನ್ನು ತಿರುಗಿಸಿಯೇ ಇರುತ್ತಿದ್ದ, ಈಗಲೂ ಹಾಗೇ.

ಅರಳುಮೊಗ್ಗು (28 ವಾರ)

ಮಗು 1,150 ಗ್ರಾಂ. 35ನೇ ಪರ್ಸೆಂಟೈಲ್ ಅಂದರು. ನೀರು ಸರಿಯಿದೆ, ಡಾಪ್ಲರ್ ಸರಿಯಿದೆ. ಬಳ್ಳಿಯ ಬುಡ ಈ ಸಲ ಕಾಣಲಿಲ್ಲ. ಮೊದಲೇ ನೀವು ಹೇಳಿದ್ದರಿಂದ ನಾನು ಬೆವರಲಿಲ್ಲ.

ಡಾಪ್ಲರ್ ಅಂದರೆ ಏನು ನೋಡುತ್ತಾರೆ? ಪರದೆಯಲ್ಲಿ ಬೆಟ್ಟದ ಸಾಲು ಬಂದ ಹಾಗೆ ಬಂತು, ಜೊತೆಗೆ ಸೂಂಯ್ ಸೂಂಯ್ ಅಂತ ಸದ್ದು.

ಕಪ್ಪುಬಿಳುಪು

ಬೆಟ್ಟದ ಸಾಲು ಸರಿಯಾದ ಮಾತು. ಪ್ರತಿ ಶಿಖರ ಮಗುವಿನ ಹೃದಯದ ಒಂದು ಬಡಿತ. ನಾವು ನೋಡುವುದು ಶಿಖರಕ್ಕಿಂತ ಹೆಚ್ಚಾಗಿ ಎರಡು ಶಿಖರದ ನಡುವಿನ ಕಣಿವೆಯನ್ನು. ಹೃದಯ ಒತ್ತಿದಾಗ ರಕ್ತ ಹೇಗೂ ಮುಂದೆ ಹೋಗುತ್ತದೆ. ಅದು ಸಡಿಲಾದ ಕ್ಷಣದಲ್ಲೂ ಬಳ್ಳಿಯ ಅಪಧಮನಿಯಲ್ಲಿ ರಕ್ತ ಮಾಸಿನ ಕಡೆಗೆ ಹರಿಯುತ್ತಲೇ ಇರಬೇಕು. ಹರಿದರೆ ಮಾಸು ಮೆತ್ತಗಿದೆ, ದಾರಿ ಬಿಡುತ್ತಿದೆ ಅಂತ ಅರ್ಥ. ಕಣಿವೆ ನೆಲ ಮುಟ್ಟಿದರೆ, ಅಂದರೆ ಆ ಕ್ಷಣ ಹರಿವು ನಿಂತರೆ, ಮಾಸು ಬಿಗಿಯಾಗಿದೆ. ಹಿಂದಕ್ಕೆ ಹರಿದರೆ ಅದು ಇನ್ನೂ ಗಂಭೀರ, ಕೂಡಲೇ ತೀರ್ಮಾನ ತೆಗೆದುಕೊಳ್ಳಬೇಕಾದ ಸ್ಥಿತಿ. ನಿಮ್ಮ ಕಣಿವೆಯಲ್ಲಿ ಹರಿವು ಇತ್ತು, ಅದಕ್ಕೆ "ಸರಿಯಿದೆ".

ಅಂಚಿನ ಬಳ್ಳಿ ಅಂದಾಗ ಇರುವ ಒಂದೇ ಅನುಮಾನ, ಮಾಸಿನ ಎಲ್ಲಾ ಭಾಗದಿಂದಲೂ ಮಗುವಿಗೆ ಬೇಕಾದಷ್ಟು ಸಿಗುತ್ತಿದೆಯಾ ಅನ್ನುವುದು. ಬಹುಪಾಲು ಮಕ್ಕಳಿಗೆ ಸಿಗುತ್ತದೆ. ಕೆಲವರಿಗೆ ಕಡಿಮೆಯಾಗುತ್ತದೆ, ಅವರು ಯಾರು ಅಂತ 21 ವಾರದಲ್ಲಿ ಹೇಳಲು ಬರುವುದಿಲ್ಲ. "ಪರವಾಗಿಲ್ಲ, ನೋಡೋಣ" ಅನ್ನುವುದು ಅದಕ್ಕೇ. ಕೆಲವು ಡಾಕ್ಟರು ಮೂರು ಸ್ಕ್ಯಾನ್ ಹೇಳುತ್ತಾರೆ, ಕೆಲವರು ಒಂದೇ ಸಾಕು ಅನ್ನುತ್ತಾರೆ. ಎರಡೂ ನಡೆಯುತ್ತದೆ.

ಲೆಕ್ಕಪತ್ರ

ಕಣಿವೆಯ ವಿಷಯ ಹೆಂಡತಿಗೆ ಹೇಳಿದೆ. "ಇಷ್ಟು ದಿನಕ್ಕೆ ಒಂದು ಅರ್ಥವಾಗುವ ಮಾತು ತಂದೆ" ಅಂದಳು.

ಅರಳುಮೊಗ್ಗು (32 ವಾರ)

ಅಳುತ್ತಾ ಬರೆಯುತ್ತಿದ್ದೇನೆ. 1,750 ಗ್ರಾಂ, 21ನೇ ಪರ್ಸೆಂಟೈಲ್. 35ರಿಂದ 21ಕ್ಕೆ ಬಿತ್ತು. ನಾನೇ ಸರಿಯಾಗಿ ತಿನ್ನಲಿಲ್ಲವೇನೋ. ಡಾಪ್ಲರ್ ಸರಿಯಿದೆ ಅಂದರು, ಆದರೂ.

ದೋಣಿ

ಅಳು ಬಂದರೆ ಅಳಿ ಪುಟ್ಟಿ. ಆದರೆ ತಿನ್ನಲಿಲ್ಲ ಅನ್ನುವ ಮಾತು ಬೇಡ. ನನ್ನ ಮಗಳು ಒಂದು ಹಂತದಲ್ಲಿ 12ರಲ್ಲಿದ್ದಳು.

ಕಪ್ಪುಬಿಳುಪು

ಮೊದಲು ತೂಕ ಹೇಗೆ ಬರುತ್ತದೆ ಕೇಳಿ. ಒಳಗೆ ತಕ್ಕಡಿ ಇಲ್ಲ. ತಲೆಯ ಅಗಲ, ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಇವನ್ನು ಅಳೆದು ಒಂದು ಸೂತ್ರಕ್ಕೆ ಹಾಕುತ್ತೇವೆ. ಆ ಅಂದಾಜು ನೂರಕ್ಕೆ 15ರಷ್ಟು ಆಚೀಚೆ ಹೋಗಬಹುದು. ನಿಮ್ಮ 1,750 ನಿಜಕ್ಕೂ 1,500 ಇರಬಹುದು, 2,000 ಇರಬಹುದು. ಹೊಟ್ಟೆಯ ಸುತ್ತಳತೆಯ ಗೆರೆ ಸ್ವಲ್ಪ ಓರೆಯಾದರೆ ಸಾಕು, ತೂಕ ಜಿಗಿಯುತ್ತದೆ.

ಪರ್ಸೆಂಟೈಲ್ ಪರೀಕ್ಷೆಯ ಅಂಕವೂ ಅಲ್ಲ. 21 ಅಂದರೆ ಇದೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮದು 21ನೆಯದು. ಅದು ಫೇಲಲ್ಲ. 10ಕ್ಕಿಂತ ಕೆಳಗೆ ಹೋದರೆ ನಾವು ಸಣ್ಣ ಮಗು ಅಂತ ಗುರುತು ಹಾಕುತ್ತೇವೆ. ಅಲ್ಲೂ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಮೈಕಟ್ಟಿನಿಂದಲೇ ಸಣ್ಣ. ಒಂದು ಇಳಿತ ನೋಡಿ ಏನೂ ಹೇಳಲಾಗದು. ಮುಂದಿನ ಸ್ಕ್ಯಾನ್‌ನಲ್ಲಿ ಅದೇ ಸಾಲಿನಲ್ಲಿ ನಡೆಯುತ್ತಿದೆಯಾ, ಇನ್ನೂ ಕೆಳಗೆ ಜಾರುತ್ತಿದೆಯಾ ಅಂತ ನೋಡಬೇಕು. ಸ್ಕ್ಯಾನ್ ನಡುವೆ ಎರಡು ವಾರವಾದರೂ ಬಿಡಬೇಕು. ವಾರಕ್ಕೊಮ್ಮೆ ತೂಕ ನೋಡಿದರೆ ನಿಮಗೆ ಸಿಗುವುದು ಮಗುವಿನ ಬೆಳವಣಿಗೆಯಲ್ಲ, ನಮ್ಮ ಕೈಯ ತಪ್ಪು.

ನಡುರಾತ್ರಿ

ಮನೆಯಲ್ಲಿ ಎದೆಬಡಿತ ಕೇಳುವ ಸಣ್ಣ ಮಿಷನ್ ತರಿಸುವ ಯೋಚನೆ ಇದ್ದರೆ ಬಿಡಿ. ನಾನು ತರಿಸಿದ್ದೆ. ಒಂದು ದಿನ ಅರ್ಧ ಗಂಟೆ ಖುಷಿಯಾಗಿ ಕೇಳಿದ್ದು ನನ್ನದೇ ನಾಡಿ ಅಂತ ನರ್ಸ್ ಹೇಳಿದರು. ಮಗು ಸುಸ್ತಾಗಿದ್ದಾಗಲೂ ಅದು ಟಕಟಕ ಅನ್ನಬಹುದು, ನಾವು ಸುಮ್ಮನೆ ಮನೆಯಲ್ಲೇ ಉಳಿದುಬಿಡುತ್ತೇವೆ. ಒದೆತ ನಂಬಿ.

ಅರಳುಮೊಗ್ಗು (34 ವಾರ)

ರಾತ್ರಿ 11:20. ಸಂಜೆಯಿಂದ ಮಗು ಸುಮ್ಮನಿದೆ. ಊಟ ಆದ ಮೇಲೆ ದಿನಾ ಬಲಪಕ್ಕೆಗೆ ಜೋರಾಗಿ ಗುದ್ದುತ್ತಿತ್ತು. ಇವತ್ತು ಇಲ್ಲ. ಎಡಕ್ಕೆ ಮಲಗಿ ಒಂದೂಮುಕ್ಕಾಲು ಗಂಟೆ ಎಣಿಸಿದೆ, ನಾಲ್ಕು ಸಲ ಮಾತ್ರ, ಅದೂ ಮೆತ್ತಗೆ. ಬೆಳಿಗ್ಗೆವರೆಗೆ ಕಾಯಲಾ? ಕೊನೆಯಲ್ಲಿ ಜಾಗ ಸಾಲದೆ ಒದೆತ ಕಡಿಮೆಯಾಗುತ್ತದೆ ಅಂತ ಅಮ್ಮ ಅನ್ನುತ್ತಿದ್ದಾರೆ.

ದೋಣಿ

ಕಾಯಬೇಡಿ. ಈಗಲೇ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ.

ನಡುರಾತ್ರಿ

ಹೊರಡಿ. ಜಾಗ ಸಾಲದೆ ಒದೆತ ನಿಲ್ಲುವುದಿಲ್ಲ. ಗುದ್ದುವ ಬದಲು ಹೊರಳುವುದು ಜಾಸ್ತಿ ಆಗಬಹುದು, ಆದರೆ ಚಲನೆ ಇರಲೇಬೇಕು. ಹತ್ತು ಚಲನೆಗೆ ಎರಡು ಗಂಟೆ ಅಂತ ಲೆಕ್ಕ. ಅದಕ್ಕಿಂತ ಮುಖ್ಯ ನಿಮ್ಮ ಮಗುವಿನ ದಿನಚರಿ ತಪ್ಪಿದ್ದು. ಏನೂ ಇಲ್ಲ ಅಂತ ವಾಪಸ್ ಕಳಿಸಿದರೆ ಯಾರೂ ನಗುವುದಿಲ್ಲ.

ಅರಳುಮೊಗ್ಗು (34 ವಾರ)

ಬೆಳಗಿನ ಜಾವ 3 ಗಂಟೆ. ಮನೆಗೆ ಬಂದೆವು. ಎಲ್ಲಾ ಸರಿಯಿದೆ.

ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿದರು, ಕೈಗೆ ಒಂದು ಗುಂಡಿ ಕೊಟ್ಟರು, ಮಗು ಅಲುಗಿದಾಗ ಒತ್ತಬೇಕು. ಮೊದಲ ಇಪ್ಪತ್ತು ನಿಮಿಷ ಗೆರೆ ನೇರ ರಸ್ತೆ ಹಾಗೆ 135ರಲ್ಲೇ ಓಡಿತು. ನಾನು ಗುಂಡಿ ಒತ್ತಲೇ ಇಲ್ಲ. ನನ್ನ ಗಂಡ ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದರು. ನರ್ಸ್ ಬಂದು, "ನಿದ್ದೆಯಲ್ಲಿದೆ ಅನ್ಸುತ್ತೆ, ಇನ್ನೊಂದಿಪ್ಪತ್ತು ನಿಮಿಷ ನೋಡೋಣ" ಅಂದರು. ಮೂವತ್ತೊಂದನೇ ನಿಮಿಷಕ್ಕೆ ಒಂದು ಗುದ್ದು ಬಿತ್ತು. ಗೆರೆ 155ಕ್ಕೆ ಏರಿತು, ನಿಧಾನಕ್ಕೆ ಇಳಿಯಿತು. ಆಮೇಲೆ ಇನ್ನೆರಡು. ನೀರು, ಡಾಪ್ಲರ್ ಕೂಡ ನೋಡಿದರು. ಡ್ಯೂಟಿ ಡಾಕ್ಟರು, "ಹೀಗೇ ಅನ್ನಿಸಿದರೆ ಮತ್ತೆ ಬನ್ನಿ, ಹತ್ತು ಸಲ ಆದರೂ ಪರವಾಗಿಲ್ಲ" ಅಂದರು. ಈ ಸಲದ ಪರವಾಗಿಲ್ಲ ನನಗೆ ಇಷ್ಟವಾಯಿತು.

ಕಪ್ಪುಬಿಳುಪು

ಒಳ್ಳೆಯ ಕೆಲಸ ಮಾಡಿದಿರಿ. ಹೊಟ್ಟೆಯೊಳಗಿನ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷ. ಬಡಿತ 110ರಿಂದ 160ರ ಒಳಗಿರಬೇಕು. 20 ನಿಮಿಷದಲ್ಲಿ ಎರಡು ಸಲವಾದರೂ 15 ಬಡಿತ ಮೇಲೇರಿ 15 ಸೆಕೆಂಡ್ ನಿಲ್ಲಬೇಕು. ಆಗ ಎನ್‌ಎಸ್‌ಟಿ ರಿಯಾಕ್ಟಿವ್ ಅಂತ ಬರೆಯುತ್ತಾರೆ. ನಿದ್ದೆಯಲ್ಲಿರುವ ಮಗುವಿಗೆ ಅದಕ್ಕೇ ಹೆಚ್ಚು ಸಮಯ ಕೊಡುವುದು.

ಸುಲೋಚನ

ಒಳ್ಳೆಯದಾಯಿತು ಮಗಳೇ. ನಾನೂ ಎದ್ದೇ ಕೂತಿದ್ದೆ.

ಅರಳುಮೊಗ್ಗು (36 ವಾರ)

2,520 ಗ್ರಾಂ, 21ನೇ ಪರ್ಸೆಂಟೈಲ್. ಅದೇ ಸಾಲಿನಲ್ಲಿ ನಡೆಯುತ್ತಿದೆ! ತಲೆ ಕೆಳಗಿದೆ. ನಾರ್ಮಲ್‌ಗೆ ಕಾಯೋಣ ಅಂದರು. ಬಳ್ಳಿ ಅಂಚಿಗಿರುವುದು ಮಾತ್ರ ಸಿಸೇರಿಯನ್‌ಗೆ ಕಾರಣವಲ್ಲ ಅಂತ ಸ್ಪಷ್ಟವಾಗಿ ಹೇಳಿದರು. ದೋಣಿ ಅಕ್ಕ ಹೇಳಿದ್ದು ಕೇಳಿದೆ. "ಮಾಸು ಬರುವಾಗ ನಿಧಾನಿಸುತ್ತೇವೆ, ಬೇರೆಯಾದ ಗುರುತು ಕಾಣುವ ಮೊದಲು ಎಳೆಯುವುದಿಲ್ಲ" ಅಂದರು. ಕಡತದ ಹೊರಗೆ ಕೆಂಪು ಪೆನ್ನಲ್ಲಿ ಬರೆಸಿದೆ. ಬರೆಯುವಾಗ ನರ್ಸ್ ಸ್ವಲ್ಪ ನಕ್ಕರು, ನಗಲಿ.

ದೋಣಿ

ಇನ್ನೊಂದು. ನೀರು ಒಡೆದರೆ ಬಣ್ಣ ನೋಡಿ. ರಕ್ತ ಕಂಡರೆ, ಬಳ್ಳಿಯಂಥದ್ದು ಏನಾದರೂ ಹೊರಗೆ ಬಂದ ಹಾಗೆ ಅನ್ನಿಸಿದರೆ ಆಂಬುಲೆನ್ಸ್. ಮೊಣಕಾಲೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಮಾಡಿ ಕಾಯಬೇಕು, ಮಗುವಿನ ತಲೆ ಬಳ್ಳಿಯನ್ನು ಒತ್ತದಿರಲಿ ಅಂತ. ಅದಕ್ಕೂ ಅಂಚಿನ ಬಳ್ಳಿಗೂ ನೇರ ಸಂಬಂಧವಿಲ್ಲ. ಮಗು ಅಡ್ಡ ಇದ್ದರೆ, ನೀರು ಜಾಸ್ತಿ ಇದ್ದರೆ ಅದರ ಭಯ ಹೆಚ್ಚು. ನಿಮ್ಮ ಮಗುವಿನ ತಲೆ ಕೆಳಗಿದೆಯಲ್ಲ, ಒಳ್ಳೆಯದೇ. ಆದರೂ ತಿಳಿದಿರಲಿ.

ಲೆಕ್ಕಪತ್ರ

ನಮಗೆ ಮೊನ್ನೆ ಮಗಳು ಹುಟ್ಟಿದಳು, 38 ವಾರ, 3 ಕೆಜಿ 60 ಗ್ರಾಂ. ಕೊನೆಯ ಸ್ಕ್ಯಾನ್ 2 ಕೆಜಿ 800 ಹೇಳಿತ್ತು. ಶೀಟ್ ಅಳಿಸಿದೆ. ನಿಜವಾಗಿ.

ಅರಳುಮೊಗ್ಗು (ಹೆರಿಗೆಯಾಗಿ ಒಂಬತ್ತು ದಿನ)

39 ವಾರ 2 ದಿನಕ್ಕೆ ಮಗ ಬಂದ. 2 ಕೆಜಿ 980 ಗ್ರಾಂ. ನೋವು ಹನ್ನೆರಡು ಗಂಟೆ.

ಒಂದು ತಮಾಷೆ ಹೇಳಲೇಬೇಕು. ಒಂಬತ್ತು ತಿಂಗಳು ನಾವು ಬಳ್ಳಿಯ ಆ ತುದಿ ನೋಡಿದ್ದೇ ನೋಡಿದ್ದು. ಮಗುವಿನ ತಲೆ ಹೊರಗೆ ಬಂದಾಗ ನರ್ಸ್ "ಒಂದು ಸುತ್ತಿದೆ" ಅಂದರು. ನನ್ನ ಎದೆ ಧಸಕ್ ಅಂತು. ಅವರು ಬೆರಳು ಹಾಕಿ, ಸರ ತೆಗೆಯುವ ಹಾಗೆ ತಲೆಯ ಮೇಲಿಂದ ಅದನ್ನು ಆಚೆ ತೆಗೆದರು. ಮೂರು ಸೆಕೆಂಡ್ ಕೂಡ ಆಗಲಿಲ್ಲ. ಯಾವ ಸ್ಕ್ಯಾನ್‌ನಲ್ಲೂ ಅದು ಇರಲಿಲ್ಲ.

ಮಾಸಿಗೆ ಅವರು ಕಾದರು. ನನ್ನ ಗಂಡ ಮೂರು ಸಲ "ಬಳ್ಳಿ ಅಂಚಿಗಿದೆ" ಅಂದಿದ್ದಾರೆ, ಮೂರನೇ ಸಲ ಡಾಕ್ಟರೇ "ಗೊತ್ತಾಯ್ತು ಸಾರ್" ಅಂದರಂತೆ. ಇಪ್ಪತ್ತು ನಿಮಿಷದಲ್ಲಿ ತಾನಾಗಿ ಬಂತು, ಪೂರ್ತಿ. ತೋರಿಸಿ ಅಂತ ಕೇಳಿದೆ. ಸ್ಟೀಲ್ ಟ್ರೇಯಲ್ಲಿ ತಂದರು. ಇಡೀ ಅಂಗೈಗಿಂತ ದೊಡ್ಡದು, ಕಡುಗೆಂಪು, ಮೇಲ್ಮೈಯಲ್ಲಿ ಮರದ ಬೇರಿನ ಹಾಗೆ ನಾಳಗಳು. ಎಲ್ಲಾ ಬೇರುಗಳೂ ಒಂದೇ ಪಕ್ಕದಿಂದ ಹೊರಟು ಇನ್ನೊಂದು ಪಕ್ಕದವರೆಗೆ ಹರಡಿದ್ದವು. ಬಳ್ಳಿ ಅಂಚಿನಿಂದ ಹೊರಟಿತ್ತು, ಬ್ಯಾಟಿಗೆ ಹಿಡಿಕೆ ಇದ್ದ ಹಾಗೆ.

ಕಪ್ಪುಬಿಳುಪು

ಅದಕ್ಕೇ ಹಳೆಯ ವೈದ್ಯರು ಅದನ್ನು ಬ್ಯಾಟಲ್‌ಡೋರ್ ಪ್ಲಸೆಂಟಾ ಅಂತ ಕರೆದರು. ಬ್ಯಾಟಲ್‌ಡೋರ್ ಅಂದರೆ ಹಿಂದಿನ ಕಾಲದ ಗರಿಚೆಂಡಿನ ಬ್ಯಾಟು. ಅಂಚಿನಿಂದ ಎಷ್ಟು ಅಂತ ಅಳೆದರಾ? ಕೇಳುವ ಚಾಳಿ, ಕ್ಷಮಿಸಿ.

ಅರಳುಮೊಗ್ಗು

ಅಳೆದರು. ಡಿಸ್ಚಾರ್ಜ್ ಕಾಗದದಲ್ಲಿ 1.5 ಅಂತ ಬರೆದಿದ್ದಾರೆ. ಲೆಕ್ಕಪತ್ರ ಅವರೇ, ಶೀಟ್ ಅಳಿಸಿದ್ದೀರಿ ಅಂದಿರಲ್ಲ, ಇದನ್ನು ಎಲ್ಲಿ ಬರೆದುಕೊಳ್ಳುತ್ತೀರಿ?

ಲೆಕ್ಕಪತ್ರ

ಕೈ ಮೇಲೆ ಬರೆದುಕೊಂಡೆ.